ಹಾಡು ಅಜ್ಜಿಯದು, ಚಿತ್ರ ಯಾರದು?



ಈ ವಾರ ಗೊಬ್ಬರ, ಔಷಧಿಯ ಮಾತು ಬಿಟ್ಟು ಹಾಡಿನ ಮಾತು ಆಡುತ್ತೇನೆ. ಇದೂ ಹೊಲಗದ್ದೆಯ ವಿಷಯವೇ.

ಕಳೆದ ಮುಂಗಾರಿನಲ್ಲಿ ಕಟ್ಟೆಮಳಲವಾಡಿ ನಾಲೆಯ ಬಯಲಿಗೆ ನಾಟಿ ನೋಡಲು ಹೋಗಿದ್ದೆ. ಒಂದು ಗದ್ದೆಯ ಬಳಿ ನಾಲ್ಕೈದು ಹುಡುಗರು ಮೊಬೈಲ್ ಫೋನ್ ಹಿಡಿದು ಜನಪದ ಗೀತೆಯ ವಿಡಿಯೊ ತೆಗೆಯುತ್ತಿದ್ದರು. ನಾಟಿಯ ಹೆಂಗಸರನ್ನು ಬದುವಿನ ಮೇಲೆ ಕೂರಿಸಿ, ಪೇಟೆಯಿಂದ ಕರೆತಂದ ಹೆಣ್ಣುಮಕ್ಕಳನ್ನು ರೇಷ್ಮೆ ಸೀರೆಯಲ್ಲಿ ಕೆಸರಿಗೆ ಇಳಿಸಿದ್ದರು. ಅವರು ಪೈರು ನೆಡುತ್ತ ಮುಂದೆ ಮುಂದೆ ನಡೆದರು! ನಾಟಿ ಮಾಡುವವರು ಹಿಂದೆ ಸರಿಯುತ್ತಾರೆ, ಮುಂದೆ ಹೋದರೆ ನೆಟ್ಟದ್ದನ್ನೇ ತುಳಿದಂತಾಗುತ್ತದೆ ಎಂದು ತಮಗೆ ಹೇಳಬೇಕಾಗಿಲ್ಲ. ಬದುವಿನ ಮೇಲಿದ್ದವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆ ಹಾಡು ಹುಡುಗರಿಗೆ ಸಿಕ್ಕಿದ್ದು ಅವರಲ್ಲೇ ಒಬ್ಬ ಅಜ್ಜಿಯ ಬಾಯಿಂದ. ಆಮೇಲೆ ವಿಡಿಯೊ ನೋಡಿದೆ. ಅಜ್ಜಿಯ ಮುಖವೂ ಇಲ್ಲ, ಹೆಸರೂ ಇಲ್ಲ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ಕಾಸಿಲ್ಲದೆ, ಯಾರೂ ಕರೆಯಲೆಂದು ಕಾಯದೆ ತಮ್ಮೂರ ಹಾಡನ್ನು ಹತ್ತೂರಿಗೆ ಮುಟ್ಟಿಸುವುದು ಸಣ್ಣ ಕೆಲಸವಲ್ಲ. ಆದರೆ ಅವರು ನೋಡಿ ಕಲಿತದ್ದು ಸಿನಿಮಾ. ಅಲ್ಲಿ ರೈತನೆಂದರೆ ಹರಕು ಬನಿಯನ್ನು, ಹೆಣ್ಣೆಂದರೆ ಕುಣಿಯುವ ಸೊಂಟ, ಹಾಡಿಯ ಜನರೆಂದರೆ ಸೊಪ್ಪು ಉಟ್ಟವರು. ನಮ್ಮ ಹುಣಸೂರು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಇಂದು ಸೊಪ್ಪು ಉಡುವವರು ಯಾರಿದ್ದಾರೆ? ಪ್ಯಾಂಟು ಶರ್ಟು ತೊಟ್ಟು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿಬರುವ ಜೇನುಕುರುಬರ ಹುಡುಗರನ್ನು ತಾವು ಕಂಡಿಲ್ಲವೆ?

ಹಣವಿದ್ದವರೂ ಇಲ್ಲಿ ಎಡವಿದ್ದಾರೆ. 2020ರ ಆಗಸ್ಟಿನಲ್ಲಿ ಗಾಯಕ ಚಂದನ್ ಶೆಟ್ಟಿ ‘ಕೋಲುಮಂಡೆ’ ಹಾಡಿನ ವಿಡಿಯೊ ಹೊರತಂದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ಆಕ್ಷೇಪಿಸಿದರು. ಅವರು ಕ್ಷಮೆ ಕೇಳಿ ವಿಡಿಯೊ ಹಿಂತೆಗೆದರು. ಗಲಾಟೆಯೆಲ್ಲ ಬಟ್ಟೆ, ಕುಣಿತದ ಸುತ್ತಲೇ ನಡೆಯಿತು. ನನ್ನ ದೂರು ಬೇರೆ. ದೇವರಗುಡ್ಡರ ಕಂಸಾಳೆ ಕಥೆಯಲ್ಲಿ ಸಂಕಮ್ಮ ಯಾರು? ಜೇನಿಗೆ ಹೊರಟ ಗಂಡ ಭಾಷೆ ಕೊಡೆಂದು ಕಾಡಿದಾಗ, ಕೊಡಲಾರೆನೆಂದು ನಿಂತ ಸೋಲಿಗರ ಹೆಣ್ಣು. ಆ ಗಟ್ಟಿತನವನ್ನು ತೋರಿಸಲು ಯಾವ ಬಾಡಿಗೆ ಸೀರೆಯೂ ಬೇಡ.

ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಕುಳಿತು ಕಡ್ಡಿಗೆ ಎಲೆ ಕಟ್ಟುವ ಹೆಂಗಸರು ಇಂದಿಗೂ ಹಾಡುತ್ತಾರೆ. ಕೈಗೆ ಮೆತ್ತಿದ ಅಂಟು, ತಲೆಗೆ ಸುತ್ತಿದ ಹಳೇ ಟವೆಲು, ಪಕ್ಕದಲ್ಲಿ ಮಲಗಿದ ಕೂಸು. ಇದನ್ನು ಯಾವ ವಿಡಿಯೊದಲ್ಲೂ ನಾನು ಕಂಡಿಲ್ಲ. ಖರ್ಚಿಲ್ಲದ ಚಿತ್ರ ಇದಕ್ಕಿಂತ ಬೇಕೆ?

ಮುಂದಿನ ಸಲ ಹುಡುಗರು ಗದ್ದೆಯನ್ನೋ ಜೋಡೆತ್ತನ್ನೋ ಕೇಳಿಕೊಂಡು ಬಂದರೆ ಇಲ್ಲವೆನ್ನಬೇಡಿ. ಹಾಡು ಕೊಟ್ಟವರು ಚಿತ್ರದಲ್ಲಿ ಇರಲಿ, ಅವರ ಹೆಸರು ಮೊದಲು ಬರಲಿ, ಅರ್ಧ ದಿನ ಕೆಲಸ ನಿಲ್ಲಿಸಿದ ಹೆಂಗಸರಿಗೆ ಅಂದಿನ ಕೂಲಿ ಸಿಗಲಿ ಎಂದು ಮೊದಲೇ ಮಾತಾಡಿಕೊಳ್ಳಿ. ನಾಟಿಯಾದ ಗದ್ದೆಗೆ ಮಾತ್ರ ಯಾರನ್ನೂ ಇಳಿಸಬೇಡಿ.