‘ಕಾಮನ್’ ಎಂದರೆ ‘ಸಾಮಾನ್ಯ’: ಇಷ್ಟಕ್ಕೇ ಮುಗಿಯಿತೇ?

ನಮ್ಮ ಪಾಠಯೋಜನೆಯಲ್ಲಿ ‘ಹೊಸ ಪದಗಳು’ ಎಂಬ ಒಂದು ಕಿರು ಅಂಕಣವಿದೆ. ಪ್ರಶಿಕ್ಷಣಾರ್ಥಿಗಳಾದ ನಾವು ಎಲ್ಲಕ್ಕಿಂತ ಬೇಗ ತುಂಬುವುದು ಅದನ್ನೇ. ಇಂಗ್ಲಿಷ್ ಪದ, ಎದುರಿಗೆ ಕನ್ನಡ ಅರ್ಥ, ಜಾಗ ಉಳಿದರೆ ನಾಲ್ಕು ಸಮಾನಾರ್ಥಕ ಪದಗಳು. ಬೋಧನಾ ಅಭ್ಯಾಸದ ಅವಧಿಯಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲೆಗಳಲ್ಲಿ ಸಹಪಾಠಿಗಳ ಪಾಠ ವೀಕ್ಷಿಸುವಾಗ ‘ಕಾಮನ್’ ಎಂಬ ಪದ ಕಪ್ಪುಹಲಗೆಯ ಮೇಲೆ ಮತ್ತೆ ಮತ್ತೆ ಬಂತು. ಎದುರಿಗೆ ಸಾಮಾನ್ಯ, ಸಾಧಾರಣ, ಮಾಮೂಲಿ, ರೂಢಿಯ, ದಿನನಿತ್ಯದ ಎಂಬ ಸಾಲು. (ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಕೂರಿಸುವ ಊರುಗಳಲ್ಲಿ ಆ ಪದ ಕೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು ಏಳುವುದು ಬೇರೆ ಮಾತು.) ಐದೂ ಅರ್ಥಗಳು ನಿಘಂಟಿನ ಪ್ರಕಾರ ಸರಿಯೇ. ಆದರೆ ಐದನ್ನೂ ಒಂದರ ಬದಲು ಒಂದು ಬಳಸಬಹುದು ಎಂದು ಮಕ್ಕಳನ್ನು ನಂಬಿಸುವುದು ಸರಿಯಲ್ಲ. ಇದು ಇಂಗ್ಲಿಷ್ ಶಿಕ್ಷಕರ ತಲೆನೋವು ಎಂದು ನಾವು ವಿಜ್ಞಾನ, ಗಣಿತದವರು ಸುಮ್ಮನಿರುವಂತಿಲ್ಲ. ಹೆಚ್ಚು ಪೆಟ್ಟು ಬೀಳುವುದು ನಮ್ಮ ವಿಷಯಗಳಿಗೇ.

ಹತ್ತನೇ ತರಗತಿಯ ಸಮಾಂತರ ಶ್ರೇಢಿಯನ್ನೇ ನೋಡೋಣ. 5, 8, 11, 14 ಎಂಬ ಶ್ರೇಢಿಯಲ್ಲಿ 3 ಎಂಬುದು ‘ಸಾಮಾನ್ಯ ವ್ಯತ್ಯಾಸ’. ಹಲಗೆಯ ಮೇಲಿನ ಪಟ್ಟಿಯನ್ನು ನಂಬಿದ ಮಗು ಅದನ್ನು ‘ಮಾಮೂಲಿ ವ್ಯತ್ಯಾಸ’ ಎಂದು ಓದಿಕೊಂಡರೆ ಯಾರನ್ನು ದೂರುವುದು? ಮಾಮೂಲಿ ಅಂದರೆ ನಮ್ಮ ಕಡೆ ದಿನಾ ನಡೆಯುವುದು, ವಿಶೇಷವಿಲ್ಲದ್ದು. ಕಚೇರಿಯ ಮೆಟ್ಟಿಲ ಬಳಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ಶ್ರೇಢಿಯ 3ರಲ್ಲಿ ಇದ್ಯಾವುದೂ ಇಲ್ಲ. ಯಾವ ಎರಡು ಪಕ್ಕದ ಪದಗಳನ್ನು ತೆಗೆದುಕೊಂಡರೂ ಅಂತರ ಒಂದೇ ಎಂಬುದಷ್ಟೇ ಅಲ್ಲಿನ ‘ಸಾಮಾನ್ಯ’. ಸೂತ್ರಕ್ಕೆ ಬೆಲೆ ಹಾಕಿ ಉತ್ತರ ತೆಗೆಯುವ ಮಗುವಿಗೆ ಈ ಗೊಂದಲ ಇರುವುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಹೊಸ ಶ್ರೇಢಿ ಕೊಟ್ಟು ‘ಇದು ಸಮಾಂತರ ಶ್ರೇಢಿ ಹೌದೋ ಅಲ್ಲವೋ, ಏಕೆ?’ ಎಂದು ಕೇಳಿದಾಗ ಕಾಣುತ್ತದೆ.

ಮ.ಸಾ.ಅ. ಪಾಠದಲ್ಲಿ ಅದೇ ಪದದ ಅರ್ಥ ಇನ್ನೊಂದು ಕಡೆ ಹೊರಳುತ್ತದೆ. 12 ಮತ್ತು 18ರ ಅಪವರ್ತನಗಳಲ್ಲಿ 1, 2, 3, 6 ಇಬ್ಬರಿಗೂ ಸೇರಿದವು. ಇದಕ್ಕೆ ನಮ್ಮ ಜಿಲ್ಲೆಯ ಮಕ್ಕಳ ಬಾಯಲ್ಲಿ ಪಠ್ಯಪುಸ್ತಕಕ್ಕಿಂತ ಖಚಿತವಾದ ಪದವಿದೆ: ‘ಸಾಮಾಯಿಕ’. ಎರಡು ಮನೆಗಳ ನಡುವೆ ಇಬ್ಬರಿಗೂ ಸೇರಿದ ಗೋಡೆ ಸಾಮಾಯಿಕ ಗೋಡೆ. ಅಣ್ಣ ತಮ್ಮಂದಿರು ಹೊಲ ಪಾಲು ಮಾಡಿಕೊಂಡ ಮೇಲೂ ಪಾಲಾಗದೆ ಉಳಿದ ಬಾವಿ ಸಾಮಾಯಿಕ ಬಾವಿ. ಆ ಗೋಡೆಗೆ ಮೊಳೆ ಹೊಡೆದದ್ದಕ್ಕೆ ನಡೆದ ಜಗಳವನ್ನು ಕಂಡ ಮಗುವಿಗೆ ‘6 ಅಂದರೆ 12ಕ್ಕೂ 18ಕ್ಕೂ ಸಾಮಾಯಿಕ’ ಎಂದರೆ ಸಾಕು. ಬ್ಯಾಡಗಿಯ ಒಂದು ತರಗತಿಯಲ್ಲಿ ಹೀಗೆ ಹೇಳಿದಾಗ ಹುಡುಗಿಯೊಬ್ಬಳು, ‘ಹಂಗಾದ್ರ 4 ಹನ್ನೆರಡರದ್ದಷ್ಟ ಏನ್ರಿ ಟೀಚರ್, ಹದಿನೆಂಟರದ್ದು ಅಲ್ಲ?’ ಎಂದು ಕೇಳಿದಳು. ಮನೆಯ ಮಾತಿನಲ್ಲಿಟ್ಟಾಗ ವ್ಯಾಖ್ಯೆ ಅವಳ ಬಾಯಿಂದಲೇ ಬಂತು. ಶ್ರೇಢಿಯ ‘ಸಾಮಾನ್ಯ’ಕ್ಕೆ ಮಾತ್ರ ಸಾಮಾಯಿಕ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ. ಅಲ್ಲಿ ‘ಎಲ್ಲಾ ಕಡೆ ಒಂದೇ’ ಎನ್ನುವುದೇ ವಾಸಿ.

ಇನ್ನು ‘ಮೇಲಿಂದ ಮೇಲೆ ಕಾಣುವ’ ಎಂಬ ಅರ್ಥ. ಇದನ್ನು ಕಲಿಸಲು ಬ್ಯಾಡಗಿಗಿಂತ ಒಳ್ಳೆಯ ಬೋಧನೋಪಕರಣ ಬೇಕಿಲ್ಲ. ಮಾರುಕಟ್ಟೆಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ದರಗಳ ಜೊತೆ ‘ಮೋಡಲ್’ ದರ ಎಂಬ ಮೂರನೆಯದೊಂದು ಇರುತ್ತದೆ. ಅದು ನಮ್ಮ ಸಂಖ್ಯಾಶಾಸ್ತ್ರ ಪಾಠದ ಬಹುಲಕ. ಲೆಕ್ಕಕ್ಕೆಂದು ಕ್ವಿಂಟಲ್ ಮೆಣಸಿನಕಾಯಿಗೆ ಐದು ದರಗಳನ್ನು ಇಟ್ಟುಕೊಳ್ಳೋಣ: 12,000, 15,000, 15,000, 15,000, 40,000 ರೂಪಾಯಿ. ಸರಾಸರಿ 19,400. ಆ ದರಕ್ಕೆ ಒಂದು ಚೀಲವೂ ಮಾರಿಲ್ಲ! ಹೆಚ್ಚು ಸಲ ಬಂದ ದರ 15,000. ‘ಇವತ್ತ ರೇಟ್ ಎಷ್ಟ್ ನಡೀತು?’ ಎಂದು ರೈತ ಕೇಳುವುದು ಈ ಬಹುಲಕವನ್ನೇ. ಡಬ್ಬಿ, ಕಡ್ಡಿ ಎಂದು ಕಾಯಿಯ ತಳಿ ಹೇಳಬಲ್ಲ ಮಕ್ಕಳಿಗೆ ಸರಾಸರಿಯೂ ‘ಸಾಮಾನ್ಯ’, ಬಹುಲಕವೂ ‘ಸಾಮಾನ್ಯ’ ಎಂದು ಹೇಳಿ ಎರಡನ್ನೂ ಕಲಸಿಬಿಡುವುದು ಅನ್ಯಾಯ.

ರಾಣೆಬೆನ್ನೂರಿನ ಕಡೆ ಬಂದರೆ ಜೀವಶಾಸ್ತ್ರದವರಿಗೂ ಕೆಲಸವಿದೆ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಅದರ ಸುತ್ತಲ ಹಳ್ಳಿಯ ಮಗುವಿಗೆ ಚಿಗರಿ ದಿನಾ ಕಾಣುವ ಪ್ರಾಣಿ, ಹೊಲಕ್ಕೆ ನುಗ್ಗಿ ಬೆಳೆ ತಿನ್ನುವ ಪ್ರಾಣಿ. ಅದೇ ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅಂದರೆ ಒಂದು ಊರಿನಲ್ಲಿ ಸಾಮಾನ್ಯವಾಗಿ ಕಾಣುವುದು ಎಲ್ಲ ಕಡೆಯೂ ಸಾಮಾನ್ಯವಲ್ಲ, ಬೆಲೆಯಿಲ್ಲದ್ದಂತೂ ಅಲ್ಲವೇ ಅಲ್ಲ. ಹಲಗೆಯ ಪಟ್ಟಿಯಲ್ಲಿರುವ ‘ಸಾಧಾರಣ’ ಎಂಬ ಪದ ಈ ಎರಡನ್ನೂ ಒಂದು ಮಾಡಿಬಿಡುತ್ತದೆ. ನಮ್ಮ ಆಡುಮಾತು ಇನ್ನೂ ಜಾಣ. ‘ಅವ ಸಾಮಾನ್ಯ ಮನಷ್ಯಾ ಅಲ್ಲ’ ಎನ್ನುವಾಗ ಎಷ್ಟು ಸಲ ಕಾಣುತ್ತಾನೆ ಎಂಬುದನ್ನು ಯಾರೂ ಎಣಿಸುವುದಿಲ್ಲ.

ಕನ್ನಡ ವ್ಯಾಕರಣದವರು ಇಲ್ಲಿ ನಮಗಿಂತ ಎಚ್ಚರದವರು. ಇಂಗ್ಲಿಷ್ ವ್ಯಾಕರಣದ ‘ಕಾಮನ್ ನೌನ್’ಗೆ ನಮ್ಮಲ್ಲಿರುವುದು ರೂಢನಾಮ. ನದಿ ರೂಢನಾಮ, ವರದಾ ಅಂಕಿತನಾಮ. ಅಲ್ಲಿ ‘ಸಾಮಾನ್ಯ’ ಎಂದು ಬರೆದು ಯಾರೂ ಕೈಬಿಡಲಿಲ್ಲ.

‘ಪರೀಕ್ಷೆಯಲ್ಲಿ ಸಮಾನಾರ್ಥಕ ಪದ ಕೇಳುತ್ತಾರಲ್ಲ?’ ಎಂದು ಸಹಪಾಠಿಗಳು ನನ್ನನ್ನು ಕೇಳಿದ್ದಾರೆ. ಕೇಳುತ್ತಾರೆ, ನಿಜ. ಭಾಷಾ ಪಾಠದಲ್ಲಿ ಆ ಅಭ್ಯಾಸ ಇರಲಿ. ಪಠ್ಯದ ಪಾರಿಭಾಷಿಕ ಪದವನ್ನೂ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಉತ್ತರಪತ್ರಿಕೆಯಲ್ಲಿ ‘ಸಾಮಾಯಿಕ ಅಪವರ್ತನ’ ಎಂದು ಬರೆದರೆ ಮೌಲ್ಯಮಾಪಕರು ಒಪ್ಪುವ ಭರವಸೆಯಿಲ್ಲ. ಮೊದಲು ಊರಿನ ಮಾತು, ಆಮೇಲೆ ಪುಸ್ತಕದ ಮಾತು, ಎರಡೂ ಅದೇ ಹಲಗೆಯ ಮೇಲೆ. ಇದಕ್ಕೆ ಹೆಚ್ಚು ಸಮಯವೂ ಬೇಡ. ಐದು ಸಮಾನಾರ್ಥಕ ಪದಗಳನ್ನು ಬರೆದು, ಮಕ್ಕಳು ನಕಲು ಮಾಡಿಕೊಳ್ಳುವ ತನಕ ಕಾಯುವ ಹೊತ್ತಿನಲ್ಲಿ ಒಂದು ವಾಕ್ಯ ಮಾಡಿಸಬಹುದು.

ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಒಂದೇ. ವೀಕ್ಷಣಾ ನಮೂನೆಯಲ್ಲಿ ‘ಹೊಸ ಪದಗಳ ಅರ್ಥ ಹೇಳಲಾಗಿದೆಯೇ’ ಎಂಬ ಸಾಲಿದ್ದರೆ, ಅದರ ಪಕ್ಕ ‘ಈ ಪಾಠಕ್ಕೆ ಬೇಕಾದ ಅರ್ಥ ಯಾವುದೆಂದು ಮಕ್ಕಳಿಂದ ಹೇಳಿಸಲಾಗಿದೆಯೇ’ ಎಂದು ಸೇರಿಸಿ. ಅಂಕ ಅಲ್ಲಿರಲಿ. ನಾವು ತಾನಾಗಿಯೇ ಆ ಕಡೆ ತಿರುಗುತ್ತೇವೆ.