ಇರುಳಿನ ಮನೆ
ನಿದ್ರೆ ಬಾರದವನು ಮಗ್ಗುಲು ಬದಲಿಸುತ್ತಾನೆ, ದಿಂಬನ್ನು ಸರಿಪಡಿಸಿಕೊಳ್ಳುತ್ತಾನೆ, ಎದ್ದು ನೀರು ಕುಡಿಯುತ್ತಾನೆ. ಇವೆಲ್ಲ ಭಾಗ್ಯಗಳೆಂದು ಅವನಿಗೆ ತೋರುವುದೇ ಇಲ್ಲ.

ಇತಿಹಾಸಕಾರ ಟೋನಿ ಜಟ್ ಅವರಿಗೆ ಇವಾವುವೂ ಉಳಿಯಲಿಲ್ಲ. 1948ರಲ್ಲಿ ಲಂಡನ್ನಿನಲ್ಲಿ ಜನಿಸಿ, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರಿಗೆ ಎ.ಎಲ್.ಎಸ್. ಎಂಬ ವ್ಯಾಧಿ ಅಡರಿರುವುದು 2008ರಲ್ಲಿ ತಿಳಿದುಬಂದಿತು. ಸ್ನಾಯುಗಳನ್ನು ಆಡಿಸುವ ನರಗಳು ಕ್ರಮೇಣ ನಶಿಸುವ ರೋಗವಿದು. ಮೈಯ ತುರಿಕೆ ಅರಿವಾಗುತ್ತಿತ್ತು; ಕೆರೆದುಕೊಳ್ಳಲು ಕೈ ಏಳುತ್ತಿರಲಿಲ್ಲ.

ಆಗ ಅವರಿಗೆ ಒದಗಿದುದು ಪ್ರಾಚೀನ ವಾಗ್ಮಿಗಳು ನೆನಪಿಗಾಗಿ ಬಳಸುತ್ತಿದ್ದ ಉಪಾಯ. ಬಾಲ್ಯದಲ್ಲಿ ತಂಗಿದ್ದ ಸ್ವಿಟ್ಜರ್ಲೆಂಡಿನ ಪುಟ್ಟ ವಸತಿಗೃಹವೊಂದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಹಳೆಯ ನೆನಪುಗಳನ್ನು ಪ್ರಬಂಧಗಳಾಗಿ ಹೆಣೆದು ಅದರ ಕೋಣೆಕೋಣೆಗಳಲ್ಲಿ ಇರಿಸುತ್ತಿದ್ದರು. ಹೀಗೆ ಹೆಣೆಯುತ್ತಲೇ ಒಮ್ಮೊಮ್ಮೆ ಕಣ್ಣು ಮುಚ್ಚುತ್ತಿದ್ದುದೂ ಉಂಟು. ಇರಿಸಿದ್ದನ್ನು ಹಗಲಿನಲ್ಲಿ ಹೇಳಿ ಬರೆಯಿಸುತ್ತಿದ್ದರು. 2010ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಆ ಬರಹಗಳು ‘ದಿ ಮೆಮೊರಿ ಷಾಲೆ’ ಎಂಬ ಗ್ರಂಥವಾಗಿ ಹೊರಬಂದವು.

ತಮ್ಮ ಕಷ್ಟಕ್ಕೆ ಹಿರಿಮೆಯ ಬಣ್ಣ ಬಳಿಯಲು ಅವರು ಒಪ್ಪಲಿಲ್ಲ. ಆ ಇರುಳುಗಳು ಇಲ್ಲದಿದ್ದರೇ ಲೇಸೆಂದು ಬಗೆದಿದ್ದವರು ಅವರು. ಆದರೂ ಬಂದ ಇರುಳನ್ನು ಬರಿದೆ ಕಳೆಯಗೊಡಲಿಲ್ಲ.