ಚಿತ್ರಚೌರ್ಯ

ಚನ್ನಗಿರಿಯ ಸೀಮೆಯಲ್ಲಿ ಪರರ ತೋಟದ ಒಂದು ಅಡಕೆಗೊನೆಯನ್ನು ಇಳಿಸಿದವನನ್ನು ಊರೆಲ್ಲ ಕಳ್ಳನೆನ್ನುವುದು. ಅದೇ ಊರಿನ ಸುಶಿಕ್ಷಿತ ಗೃಹಸ್ಥನು ಪರರು ತೆಗೆದ ಛಾಯಾಚಿತ್ರವನ್ನು ಅಂತರ್ಜಾಲದಿಂದ ಎತ್ತಿ, ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಿ, ತನ್ನ ಸಂಘದ ಕ್ಯಾಲೆಂಡರಿಗೋ ಉತ್ಸವದ ಫ್ಲೆಕ್ಸಿಗೋ ಬಳಸಿದರೆ ಆತನು ರಸಿಕನೆನಿಸುವನು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಚಿತ್ರಕ್ಕೆ ಮಾತ್ರ ಸಲ್ಲದೆ?

ಇಂಥವರದೊಂದು ವಾದವುಂಟು. ಸಂತೇಬೆನ್ನೂರಿನ ಪುಷ್ಕರಣಿ ಎಲ್ಲರದು, ಹೊನ್ನಾಳಿಯ ತುಂಗಭದ್ರೆ ಎಲ್ಲರದು, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಯು ಸರ್ಕಾರದ ರಕ್ಷಣೆಯಲ್ಲಿರುವುದು. ಹೀಗಿರಲು ಅವುಗಳ ಚಿತ್ರವು ಒಬ್ಬನ ಸ್ವತ್ತು ಹೇಗಾದೀತು ಎಂಬುದೇ ಆ ವಾದ. ಸೂಳೆಕೆರೆಯ ನೀರೂ ಎಲ್ಲರದೇ. ಆ ನೀರು ಹಾಯಿಸಿ ಬೆಳೆದ ಬತ್ತವನ್ನು ದಾರಿಹೋಕರು ಕೊಯ್ದುಕೊಳ್ಳಬಹುದೇ? ನಾಲ್ಕು ಕೊಂಬಿನ ಆ ಅಂಜುಬುರುಕ ಪ್ರಾಣಿಗಾಗಿ ಅಪ್ಪಣೆ ಪಡೆದು, ಕುರುಚಲು ಕಾಡಿನಲ್ಲಿ ಉಸಿರು ಬಿಗಿಹಿಡಿದು ಕಾದವನ ಶ್ರಮವೂ ಬೇಸಾಯವೇ ಸರಿ.

ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯರು 2015ರಲ್ಲಿ ಗೆಳೆಯರ ಧ್ವಜಕ್ಕೆಂದು ಕೇಸರಿ, ಕಪ್ಪು ವರ್ಣಗಳಲ್ಲಿ ಹನುಮಂತನ ಮುಖವೊಂದನ್ನು ರಚಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ದೇಶದ ವಾಹನಗಳ ಹಿಂಗಾಜಿನ ಮೇಲೆಲ್ಲ ರಾರಾಜಿಸಿತು. ಸ್ಟಿಕ್ಕರು ಮುದ್ರಿಸಿದವರೂ ಮಾರಿದವರೂ ಹಣ ಕಂಡರು. ಅಂಟಿಸಿಕೊಂಡವರಲ್ಲಿ ಆಚಾರ್ಯರ ಹೆಸರನ್ನು ಬಲ್ಲವರೆಷ್ಟು ಮಂದಿ? ಹನುಮಂತನು ಲೋಕಕ್ಕೆಲ್ಲ ದೈವ, ನಿಜ. ಹುಬ್ಬು ಗಂಟಿಕ್ಕಿದ ಆ ಮುಖವು ಮಾತ್ರ ಕುಂಬಳೆಯ ಒಂದು ಕೈಯಿಂದ ಹುಟ್ಟಿದುದು.

ಶಾಸನವು ಮೌನವಾಗಿಲ್ಲ. 1957ರ ಕೃತಿಸ್ವಾಮ್ಯ ಶಾಸನದಂತೆ ಚಿತ್ರ ಹುಟ್ಟಿದೊಡನೆ ಹಕ್ಕೂ ಹುಟ್ಟುವುದು, ನೋಂದಣಿ ಕಡ್ಡಾಯವಲ್ಲ. 2012ರ ತಿದ್ದುಪಡಿಯಿಂದ ಛಾಯಾಚಿತ್ರಕ್ಕೂ ಕರ್ತೃವಿನ ಜೀವಿತಕಾಲ ಹಾಗೂ ಅನಂತರದ 60 ವರ್ಷಗಳ ರಕ್ಷಣೆ ದೊರೆತಿರುವುದು. ತಿಳಿದೂ ಕರ್ತೃನಾಮವನ್ನು ಅಳಿಸಿದವನಿಗೆ 2 ವರ್ಷಗಳವರೆಗೆ ಸೆರೆ. ಬುದ್ಧಿಪೂರ್ವಕವಾಗಿ ಕದ್ದು ಲಾಭ ಪಡೆದವನಿಗೆ 6 ತಿಂಗಳಿಂದ 3 ವರ್ಷ, ಮೇಲೆ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಹಣ ಕೊಟ್ಟು ತೆಗೆಯಿಸಿಕೊಂಡ ಮದುವೆಯ ಚಿತ್ರಗಳ ಮಾತು ಬೇರೆ. ಬೇರೆ ಕರಾರಿಲ್ಲದಿದ್ದರೆ ಅವುಗಳ ಸ್ವಾಮ್ಯವು ತೆಗೆಯಿಸಿದವರದೇ. ಛಾಯಾಗ್ರಾಹಕರಲ್ಲಿಯೇ ಅನೇಕರು ಇದನ್ನರಿಯರು.

ದಾವೆಯನ್ನು ಕರ್ತೃವು ತನ್ನ ಜಿಲ್ಲೆಯಲ್ಲಿಯೇ ಹೂಡಬಹುದು. ಆದರೆ ನ್ಯಾಮತಿಯ ಸಣ್ಣ ಸ್ಟುಡಿಯೋದವನು ಕೆಲವು ನೂರು ರೂಪಾಯಿಗಳಿಗಾಗಿ ಅಂಗಡಿಗೆ ಬೀಗವಿಟ್ಟು ದಾವಣಗೆರೆಯ ನ್ಯಾಯಾಲಯದ ಮೆಟ್ಟಿಲನ್ನು ಎಷ್ಟು ಸಲ ಹತ್ತಿಯಾನು? ಕದ್ದವರ ಧೈರ್ಯವೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿರುವುದು. ಆದುದರಿಂದ ಮೊದಲು ತಿದ್ದಿಕೊಳ್ಳಬೇಕಾದವರು ಸ್ಮರಣಸಂಚಿಕೆ ಹೊರಡಿಸುವ ಶಾಲೆಗಳು, ಜಾತ್ರೆಯ ಸಮಿತಿಗಳು, ಓದುಬರಹ ಬಲ್ಲ ಮನೆಗಳು. ಅಚ್ಚಿಗೆ ಕಳುಹಿಸುವ ಮುನ್ನ ಒಂದು ದೂರವಾಣಿ ಕರೆ, ಚಿತ್ರದಡಿಯಲ್ಲಿ ಒಂದು ಹೆಸರು, ಒಂದಿಷ್ಟು ಸಂಭಾವನೆ: ಬೇಕಾದುದು ಇಷ್ಟೇ. ಹೂವಿನ ಹಾರದವನಿಗೂ ಶಾಮಿಯಾನದವನಿಗೂ ಎಣಿಸಿ ಹಣ ಕೊಡುವ ಮಹನೀಯರು ಚಿತ್ರದವನು ಬಾಗಿಲಿಗೆ ಬಂದಾಗ ಮಾತ್ರ, ‘ನಿಮಗೆ ಪ್ರಚಾರ ಸಿಕ್ಕಿತಲ್ಲ’ ಎಂದು ನಕ್ಕು ಕಳುಹಿಸುವರು.